ಮೊಣಕೈಯ ತೇಪೆ

ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ಪಕ್ಕ ಒಬ್ಬ ದರ್ಜಿ ಕೂತಿದ್ದರು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಔಷಧಿಯ ಹನಿ ಹಾಕಿದ್ದರಿಂದ ಕಣ್ಣು ಮುಚ್ಚಿಕೊಂಡಿದ್ದರು. ಮಗಳು ಅವರಿಗೆ ಕಾಮಿಕ್ಸಿನ ಹೊಸ ಸಂಚಿಕೆ ಓದಿ ಹೇಳುತ್ತಿದ್ದಳು.

“ಮಿಂಚುವೀರ ಈಗ ಯಂತ್ರದ ಬೂಟು ಹಾಕ್ಕೊಂಡು ಹಾರ್ತಾನಪ್ಪ.”

“ಮೂವತ್ತು ವರ್ಷ ಬರಿಗಾಲಲ್ಲೇ ಹಾರಿದೋನಿಗೆ ಈಗೇನು ಬಂತಂತೆ?”

“ಅಂಗೀನೂ ಹೊಸದು. ಫಳಫಳ ಅಂತಿದೆ.”

“ಮೊಣಕೈ ಹತ್ರ ಅವನಮ್ಮ ಹಾಕಿದ್ದ ತೇಪೆ ಇದೆಯಾ, ಅದನ್ನ ಹೇಳು. ಅದನ್ನೂ ತೆಗೆದಿದ್ರೆ ಇದೇ ಕೊನೆ. ಇನ್ಮೇಲೆ ಈ ಪುಸ್ತಕ ತರಲೇಬೇಡ.”

ಮಗಳು ಪುಟ ತಿರುವಿದಳು. ನಾನೂ ಬಗ್ಗಿ ನೋಡಿದೆ. ತೇಪೆ ಎಲ್ಲೂ ಇರಲಿಲ್ಲ.

“ಇದೆ ಅಪ್ಪ.”

“ಎಷ್ಟು ಹೊಲಿಗೆ?”

“ಏಳು.”

“ಮೊದಲು ಐದೇ ಇತ್ತಲ್ಲೇ.”

ದರ್ಜಿ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

“ಹೋಗ್ಲಿ ಬಿಡು. ಫಳಫಳ ಅನ್ನೋ ಬಟ್ಟೆ ಜಾರುತ್ತೆ, ಇನ್ನೆರಡು ಹಾಕಲೇಬೇಕು. ಮುಂದಿನ ತಿಂಗಳದ್ದೂ ತಗೊಂಡು ಬಾ.”

ನರ್ಸ್ ಬಂದು ಅವರನ್ನು ಕೈಹಿಡಿದು ಒಳಗೆ ಕರೆದೊಯ್ದರು. ಮಗಳು ನನ್ನ ಹತ್ತಿರ ಪೆನ್ನು ಕೇಳಿದಳು. ಮಿಂಚುವೀರನ ಮೊಣಕೈ ಕಂಡಲ್ಲೆಲ್ಲ ಚೌಕವಾಗಿ ತೇಪೆ ಬರೆದು, ಸುತ್ತ ಏಳೇಳು ಹೊಲಿಗೆ ಎಳೆಯತೊಡಗಿದಳು.

ಒಳಗಿನಿಂದ ಅವಳನ್ನೂ ಕರೆದಾಗ ಇನ್ನೂ ನಾಲ್ಕು ಪುಟ ಉಳಿದಿದ್ದವು. ಎದ್ದು ಪೆನ್ನನ್ನು ನನ್ನತ್ತ ಚಾಚಿದಳು.

“ನಿನ್ನ ಹತ್ರಾನೇ ಇರಲಿ ಕಣಮ್ಮ” ಎಂದೆ.