ಮೆಟ್ಟಿಲ ಬುಡದ ಕ್ಯಾಮೆರಾ

ಇಲ್ಲ ಅಂದ್ನಲ್ಲ. ಎಷ್ಟು ಸಲ ಹೇಳ್ಬೇಕು ನಿಮಗೆ? ಆ ದಿನದ ರೆಕಾರ್ಡಿಂಗ್ ಇಲ್ಲ. ಇದ್ದಿದ್ರೆ ಕೊಡದೇ ಇರೋಕೆ ನನಗೇನು ಹುಚ್ಚಾ? ಮೇಲಿನ ಮನೇಲಿ ಬಾಡಿಗೆಗಿದ್ದೀರಿ, ನಿಮ್ಮಪ್ಪ ನಮ್ಮ ಮೆಟ್ಟಿಲ ಬುಡದಲ್ಲೇ ಬಿದ್ದಿದಾರೆ, ಯಾವಾಗ ಬಿದ್ರು, ಎಷ್ಟು ಹೊತ್ತು ಹಾಗೇ ಇದ್ರು ಅಂತ ಡಾಕ್ಟರು ಕೇಳ್ತಿದಾರೆ. ಅರ್ಥ ಆಗುತ್ತೆ. ನಾನೇನು ಕಲ್ಲಲ್ಲ. ಆದ್ರೆ ಇಲ್ಲದ್ದನ್ನ ಎಲ್ಲಿಂದ ತರ್ಲಿ?

ಕೂತ್ಕೊಳ್ಳಿ ಮೊದಲು. ಮೀಟರ್ ನೋಡೋಕೆ ಬಂದವರ ಹಾಗೆ ಬಾಗಿಲಲ್ಲಿ ನಿಂತ್ಕೋಬೇಡಿ. ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತೆ. ಈ ಕಡೆ ಬನ್ನಿ.

ನೋಡಿ, ಈ ಕ್ಯಾಮೆರಾ ವ್ಯಾಪಾರದ ಒಳಮರ್ಮ ನಿಮಗೆ ಗೊತ್ತಿಲ್ಲ. ನನಗೆ ಗೊತ್ತು, ನನ್ನ ತಮ್ಮ ಅದನ್ನೇ ಮಾರೋದು. ಕ್ಯಾಮೆರಾ ಏನೋ ಅಗ್ಗಕ್ಕೆ ಕೊಡ್ತಾರೆ. ತಂದು ಗೋಡೆಗೆ ಬಡಿದು, ಫೋನಿಗೆ ಜೋಡಿಸಿ, ನಗ್ತಾ ನಗ್ತಾ ಹೋಗ್ತಾರೆ. ಆಮೇಲೆ ಶುರು. ಅದು ನೋಡಿದ್ದನ್ನ ನೆನಪಿಟ್ಕೋಬೇಕು ಅಂದ್ರೆ ತಿಂಗಳು ತಿಂಗಳು ಕಂಪನಿಗೆ ಕಪ್ಪ ಒಪ್ಪಿಸ್ಬೇಕು. ಕಣ್ಣು ನಮ್ಮದು, ನೆನಪು ಅವರದು. ಮೂಗಿಗಿಂತ ಮೂಗುತಿ ಭಾರ ಅಂತ ನಾನು ಕಟ್ಟೋದೇ ಬಿಟ್ಟೆ. ಹಾಗಾಗಿ ಅದು ನೋಡುತ್ತೆ, ಮರೆಯುತ್ತೆ. ಅಷ್ಟೇ ಅದರ ಆಯಸ್ಸು. ಅದೂ ಅಲ್ದೆ ಆ ದಿನ ನೆಟ್ಟೇ ಇರಲಿಲ್ಲ.

ಎರಡರಲ್ಲಿ ಯಾವುದು ಅಂದ್ರೆ? ಎರಡೂ. ದುಡ್ಡೂ ಕಟ್ಟಿರಲಿಲ್ಲ, ನೆಟ್ಟೂ ಇರಲಿಲ್ಲ. ಒಂದು ಮನೇಲಿ ಒಟ್ಟಿಗೆ ಎರಡು ತೊಂದರೆ ಇರಬಾರದು ಅಂತ ಕಾನೂನಿದೆಯಾ? ನಾನು ಬೇರೆ ಸ್ನಾನಕ್ಕೆ ಹೋಗಿದ್ದೆ. ನಲ್ಲಿ ಬಿಟ್ಟಿದ್ದೆ. ಪಾರ್ಸಲ್‌ನವನು ಬಾಗಿಲು ಬಡಿದಾಗಲೇ ನನಗೆ ಗೊತ್ತಾಗಿದ್ದು.

ಹೀಗೆ ಸುಮ್ಮನೆ ಕೂತು ಕೇಳೋದು ನಿಮಗೆ ಅಭ್ಯಾಸ, ಅಲ್ವಾ? ದಿನವಿಡೀ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಯಾರದೋ ಫ್ರಿಜ್ಜು, ಯಾರದೋ ವಾಷಿಂಗ್ ಮಷೀನು, ಅವರ ದೂರು ಕೇಳೋ ಕೆಲಸ. ಎದುರಿನವರು ಕೂಗಾಡಿದಷ್ಟೂ ನೀವು ಸುಮ್ಮನಿರಿ, ಅವರೇ ಸುಸ್ತಾಗಿ ಎಲ್ಲ ಒದರ್ತಾರೆ ಅಂತ ಕಲಿಸಿರ್ತಾರಂತೆ. ನಿಮ್ಮಪ್ಪನೇ ಹೇಳ್ತಿದ್ರು. ನನ್ನ ಹತ್ರ ಆ ವಿದ್ಯೆ ಬೇಡ. ನಾನು ನಿಮ್ಮ ಗಿರಾಕಿ ಅಲ್ಲ.

ನನ್ನನ್ನ ಕೇಳೋ ಮುಂಚೆ ನಿಮ್ಮನ್ನ ನೀವು ಕೇಳ್ಕೊಳ್ಳಿ. ಮುಂದುಗಡೆ ಅಂಗಡಿ ಇದ್ದಾಗ ಈ ಕಟ್ಟಡಕ್ಕೆ ಕ್ಯಾಮೆರಾ ಬೇಕಿತ್ತಾ? ಅಂಗಡಿಯವನು ಬೆಳಿಗ್ಗೆ ಶಟರ್ ಎತ್ತಿ ಕೂತ ಅಂದ್ರೆ ಆಯ್ತು, ಮೆಟ್ಟಿಲು ಹತ್ತಿದವರು, ಇಳಿದವರು, ಚಪ್ಪಲಿ ಅದಲು ಬದಲು ಮಾಡ್ಕೊಂಡು ಹೋದವರು, ಎಲ್ಲ ಅವನ ಲೆಕ್ಕಕ್ಕೆ ಬರ್ತಿತ್ತು. ನಿಮ್ಮಪ್ಪನಿಗೂ ಅವನಿಗೂ ದಿನಾ ಜಟಾಪಟಿ, ಪೇಪರ್ ಮೊದಲು ಯಾರು ಓದೋದು ಅಂತ. ಅವನಿದ್ದಿದ್ರೆ ನಿಮ್ಮಪ್ಪ ಬಲ್ಬ್ ಬದಲಾಯಿಸ್ತೀನಿ ಅಂತ ಸ್ಟೂಲಿನ ಮೇಲೆ ಕಾಲಿಡೋಕೆ ಮುಂಚೆನೇ ಅಲ್ಲಿಂದ ಕೂಗಿರೋನು, ಏ ಯಜಮಾನ್ರೇ, ಸರ್ಕಸ್ ಕಂಪನಿ ಸೇರಿದ್ರಾ ಅಂತ.

ಅವನ ಅಂಗಡಿ ಮುಚ್ಚಿಸಿದ್ದು ಯಾರು? ನೀವು. ನೀವು, ಎದುರುಮನೆಯವರು, ಬೀದಿಗೆ ಬೀದಿಯೇ. ಸೋಪು ಮುಗೀತಾ, ಫೋನ್ ಒತ್ತು. ಬಾಚಣಿಗೆ ಬೇಕಾ, ಫೋನ್ ಒತ್ತು. ಬಾಚಣಿಗೆ ಒಂದು ಡಬ್ಬದಲ್ಲಿ, ಆ ಡಬ್ಬ ಇನ್ನೊಂದು ಡಬ್ಬದಲ್ಲಿ, ಅದನ್ನ ಹೊತ್ಕೊಂಡು ಏದುಸಿರು ಬಿಡ್ತಾ ಒಬ್ಬ ಬರ್ತಾನೆ. ಅವನ ಮುಖ ನೋಡಿದೀರಾ ಯಾವತ್ತಾದ್ರೂ? ಅವನಿಗೂ ನಿಮ್ಮ ಮುಖ ಗೊತ್ತಿಲ್ಲ. ಅಂಗಡಿಯವನು ಕೊನೇ ದಿನ ತಕ್ಕಡಿ ಬಟ್ಟೇಲಿ ಸುತ್ತಿ ಎತ್ಕೊಂಡು ಹೋಗುವಾಗ ನಿಮ್ಮಪ್ಪ ಒಬ್ರೇ ಅವನ ಜೊತೆ ಬಸ್ ಸ್ಟಾಪಿನ ತನಕ ಹೋಗಿದ್ದು. ನೀವು ಕೆಲಸದಲ್ಲಿದ್ರಿ.

ನಾನಾ? ನಾನೂ ತರಿಸ್ತೀನಿ. ಅದು ಬೇರೆ. ನನಗೆ ಮೊಣಕಾಲು ನೋವು.

ಶಟರ್ ಇಳಿದ ಮೇಲೆ ಈ ಜಾಗ ಹೇಗಾಯ್ತು ಅಂತ ನಿಮಗೇನು ಗೊತ್ತು. ನೀವು ಬೆಳಿಗ್ಗೆ ಹೋದ್ರೆ ಕತ್ತಲಾದ ಮೇಲೆ ಬರೋರು. ಬೆಕ್ಕು ಹಾರಿದ್ರೂ ನನ್ನ ಎದೆ ಧಸಕ್ಕನ್ನೋದು. ಆಗಲೇ ನನ್ನ ತಮ್ಮ ಬಂದು ಇದನ್ನ ಹಾಕಿದ್ದು. ಅವನು ಏನಂತಾನೆ ಗೊತ್ತಾ? "ಅಕ್ಕಾ, ನಾವು ಭಯ ಮಾರಿದ್ರೆ ಸಾಕು, ಕ್ಯಾಮೆರಾ ತಾನಾಗೇ ಮಾರಾಟ ಆಗುತ್ತೆ." ನನಗೇ ಹೇಳ್ದ, ಹೇಳಿ ನನಗೇ ಮಾರ್ದ. ಒಡಹುಟ್ಟಿದವನು.

ಆಮೇಲೆ ಫೋನಿಗೆ ಬಿಡುವಿಲ್ಲ. ಎಲೆ ಬಿದ್ರೆ ಟಿಣ್. ಬೆಕ್ಕು ಬಂದ್ರೆ ಟಿಣ್. ನೀವು ಹೋದ್ರೆ ಟಿಣ್, ಬಂದ್ರೆ ಟಿಣ್. ಮೊದಮೊದಲು ಕಿರಿಕಿರಿ. ಬರ್ತಾ ಬರ್ತಾ ಏನಾಯ್ತು ಅಂದ್ರೆ, ಟಿಣ್ ಅನ್ನದೇ ಇದ್ರೆ ಕಿರಿಕಿರಿ. ಟೀವಿ ಹಾಕೋದು ಬಿಟ್ಟುಬಿಟ್ಟೆ. ಒಲೆ ಮೇಲೆ ಪಾತ್ರೆ ಇಟ್ಟು, ಪಕ್ಕದಲ್ಲಿ ಫೋನ್ ಇಟ್ಟು... ಅದು ಆಗ. ಈಗಲ್ಲ. ಈಗ ನಾನು ನೋಡೋದೇ ಇಲ್ಲ.

ನಿಮ್ಮಪ್ಪನಿಗೆ ಮಾತ್ರ ಅದರ ಮೇಲೆ ಏನು ಸಿಟ್ಟೋ. ಜೀವಮಾನವೆಲ್ಲ ಬಸ್ ಕಂಡಕ್ಟರ್ ಆಗಿದ್ದವರು, ಪ್ರತಿ ಸಲ ಮೆಟ್ಟಿಲು ಇಳಿದಾಗಲೂ ಅದರ ಮುಂದೆ ನಿಂತು ಸೆಲ್ಯೂಟ್ ಹೊಡೆಯೋದು. "ಟಿಕೆಟ್ ತೋರಿಸ್ಬೇಕಾ ಮೇಡಂ?" ಅನ್ನೋದು. ಒಂದಿನ ಕತ್ತೆತ್ತಿ ಅದರ ಗಾಜಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೊಂಡ್ರು, ಇರೋ ನಾಲ್ಕು ಕೂದಲನ್ನ ಆ ಕಡೆಗೆ ಒಂದು ಸಲ, ಈ ಕಡೆಗೆ ಒಂದು ಸಲ. ಬೆಕ್ಕಿಗೆ "ಒಳಗೆ ಹೋಗಿ, ಒಳಗೆ ಹೋಗಿ, ಮುಂದೆ ಜಾಗ ಇದೆ"...

ಯಾಕೆ ನಗ್ತೀರಿ? ನಗೋ ವಿಷಯ ಅಲ್ಲ ಇದು. ನಗ್ತಿಲ್ವಾ. ಅಳೋದಾದ್ರೆ ಅಲ್ಲಿ ಟವೆಲ್ ಇದೆ.

ಇನ್ನೂ ಮಾತು ಬಂದಿಲ್ವಾ ಅವರಿಗೆ? ಒಂದಕ್ಷರವೂ? ಛೆ.

ಆದ್ರೂ ಹೇಳ್ತೀನಿ, ಅವರು ನನಗೆ ಮಾಡಿದ್ದು ಕಮ್ಮಿ ಅಲ್ಲ. ಸೆಲ್ಯೂಟ್ ಸರಿ, ಆಮೇಲೆ ಟೇಪ್ ಅಂಟಿಸೋಕೆ ಶುರು ಮಾಡಿದ್ರು. ಕರೆಂಟ್ ಕೆಲಸದವರು ಸುತ್ತೋ ಕಪ್ಪು ಟೇಪ್, ಅದನ್ನ ಲೆನ್ಸಿನ ಮೇಲೆ. ನಾನು ಕೀಳೋದು, ಅವರು ಅಂಟಿಸೋದು. ಯಾಕಂದ್ರೆ ನಿಮ್ಮ ಗಂಡ ಬಿಟ್ಟುಹೋದ ವಿಷಯ ನಾನು ಎದುರುಮನೆಗೆ ಸಾರಿದೆ ಅಂತ. ಅದಕ್ಕೆ ಕಿವಿ ಇದೆ, ಈ ಹೆಂಗಸು ಅದರಲ್ಲಿ ನನ್ನ ಮಗಳ ಮಾತು ಕೇಳಿಸ್ಕೋತಾಳೆ ಅಂತ. ಕ್ಯಾಮೆರಾಗೆ ಯಾವ ಕಿವಿ? ನೀವು ಮೆಟ್ಟಿಲ ಮೇಲೆ ನಿಂತು ಫೋನಲ್ಲಿ ಗಂಡನ ಜೊತೆ ಗೋಳಾಡಿದ್ರೆ ಗೋಡೆಗೂ ಕೇಳುತ್ತೆ. ಮನೆ ಒಳಗೆ ಹೋಗಿ ಅಳಬೇಕಿತ್ತು.

ಅಪ್ಪನಿಗೆ ಕೇಳಬಾರದು ಅಂತ ಹೊರಗೆ ನಿಂತಿದ್ರಾ? ಅದು ನನಗೆ ಹೇಗೆ ಗೊತ್ತಾಗ್ಬೇಕು. ಅಳು ಒಂದೇ ಕಾಣೋದು ಅದರಲ್ಲಿ. ಕಾರಣ ಎಲ್ಲಿ ಕಾಣುತ್ತೆ.

ಹಾಂ? ಬಲ್ಬಿನ ವಿಷಯ ನಾನು ಹೇಳಿದ್ದು ನಿಜ. ಮೆಟ್ಟಿಲ ಬುಡದ ಬಲ್ಬ್ ಹೋಗಿತ್ತು, ಬದಲಾಯಿಸೋಕೆ ಸ್ಟೂಲ್ ಹತ್ತಿದಾರೆ, ಜಾರಿದಾರೆ. ಎಲ್ಲರಿಗೂ ಅದನ್ನೇ ಹೇಳಿದೀನಿ. ಉರೀತಾ ಇದೆ ಅಂದ್ರೆ... ಆಮೇಲೆ ನಾನೇ ಹಾಕಿಸ್ದೆ. ಯಾರ ಕೈಲಿ ಅಂದ್ರೆ? ಇದೇನು ಪೊಲೀಸ್ ಠಾಣೇನಾ? ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಳಿ.

ಏನದು ಕೈಲಿ? ತೋರಿಸಿ.

ಟೇಪಾ. ನಿಮ್ಮಪ್ಪನ ಹೆಬ್ಬೆರಳಿಗೆ ಅಂಟಿತ್ತಾ? ಆಸ್ಪತ್ರೇಲಿ ನರ್ಸ್ ಬಿಡಿಸಿ ಕೊಟ್ರಾ?

ಸರಿ. ಹಾಗಾದ್ರೆ ಈಗ ನ್ಯಾಯ ನೀವೇ ಹೇಳಿ. ಬಲ್ಬಿಗಲ್ಲ, ನನ್ನ ಕ್ಯಾಮೆರಾದ ಕಣ್ಣು ಕಟ್ಟೋಕೆ ಹತ್ತಿದ್ರು. ಆ ವಯಸ್ಸಲ್ಲಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ. ಮಗಳು ಈಗ ಬಂದು ಅದೇ ಕ್ಯಾಮೆರಾನ ಸಾಕ್ಷಿ ಹೇಳು ಅಂತಾಳೆ. ಅಪ್ಪ ಅದನ್ನ ಕುರುಡು ಮಾಡಬೇಕು, ಮಗಳಿಗೆ ಅದು ದಾರಿ ತೋರಿಸ್ಬೇಕು. ಚೆನ್ನಾಗಿದೆ ನಿಮ್ಮ ಸಂಸಾರ.

ನಾನೇನು ಅವರನ್ನ ದಬ್ಬಿದ್ನಾ? ಅವರಾಗೇ ಹತ್ತಿದ್ದು. ಒಂದು ಕೈಲಿ ಗೋಡೆ ಹಿಡ್ಕೊಂಡು, ಹಲ್ಲಲ್ಲಿ ಟೇಪ್ ಕಚ್ಚಿ ಹರಿದು, ನನಗೆ ಮುಖಕ್ಕೆ ಮುಖ ಕೊಟ್ಟು, "ಇವತ್ತು ನಿಮ್ಮ ಬಸ್ಸಿಗೆ ರಜಾ ಮೇಡಂ" ಅಂದ್ರು. ಅಷ್ಟು ಕೊಬ್ಬು. ಅಂಟಿಸಿದ್ರು. ಕಪ್ಪಾಯ್ತು. ಕಪ್ಪಾದ ಮೇಲೆ ನನಗೇನು ಕಾಣುತ್ತೆ? ಧಡ್ ಅಂತ ಶಬ್ದ ಬಂದ್ರೆ, ಸ್ಟೂಲ್ ಒದ್ದಿದಾರೆ ಅಂದ್ಕೊಳ್ಳಲ್ವಾ ಯಾರಾದ್ರೂ?

ಸರಿ, ಬಿದ್ರು. ಬಿದ್ದ ಮೇಲಾದ್ರೂ ನನ್ನನ್ನ ಕರೆದ್ರಾ? ಕೈ ಚಾಚಿದ್ರೆ ನನ್ನ ಬಾಗಿಲು. ಒಂದು ಸಲ ಬಡೀಬಹುದಿತ್ತು. ಇಲ್ಲ. ನನ್ನನ್ನ ಬಿಟ್ಟು ಬೇರೆ ಯಾರು ಬೇಕಾದ್ರೂ ಆಗಬಹುದು ಅವರಿಗೆ. "ಚಿನ್ನೀ" ಅನ್ನೋದು, ಸುಮ್ಮನಾಗೋದು, ಮತ್ತೆ "ಚಿನ್ನೀ" ಅನ್ನೋದು. ಎಲ್ಲಿದಾಳೆ ಚಿನ್ನಿ ಇಲ್ಲಿ? ಈ ಕಟ್ಟಡದಲ್ಲಿ ಆಗ ಇದ್ದದ್ದು ನಾನೊಬ್ಬಳೇ. ನಾನೇ ಇದ್ದೀನಿ ಅಂತ ಅವರಿಗೂ ಗೊತ್ತು. ಓನರಮ್ಮಾ ಅಂತ ಒಂದೇ ಒಂದು ಸಲ ಕೂಗಿದ್ರೆ ನಾನು ಬಾಗಿಲು ತೆಗೀತಿರಲಿಲ್ವಾ?

ಏನು?

ಅಲ್ಲ. ನಾನು ಹೇಳ್ತಿರೋದು... ಪಾರ್ಸಲ್‌ನವನು ಹೇಳಿದ್ದು ಅದು. ಅವನು ಬಂದಾಗ ಅವರು ಹಾಗೆ ಕರೀತಿದ್ರಂತೆ.

ಹೌದು. ಅವನು ಬಂದಾಗ ಅವರಿಗೆ ಎಚ್ಚರ ಇರಲಿಲ್ಲ. ನೀವು ಅವನನ್ನೂ ಕೇಳಿದೀರಿ. ಕೇಳದೇ ಇರ್ತೀರಾ.

ನೋಡಿ, ಸ್ನಾನದ ಮನೇಲಿ ನೀರಿನ ಸದ್ದಿತ್ತು...

ಹಾಗೆ ನೋಡಬೇಡಿ ನನ್ನನ್ನ. ಮಾತಾಡಿ. ಬೈಬೇಕು ಅನಿಸಿದ್ರೆ ಬೈಯಿರಿ. ಸಿಟ್ಟಿತ್ತು ನನಗೆ, ಏಳ್ತಾರೆ ಅಂದ್ಕೊಂಡೆ. ಅವರೇ ಎದ್ದು ಹೋಗ್ಲಿ, ನಾನು ಬಾಗಿಲು ತೆಗೆದ್ರೆ ಮತ್ತೆ ಏನಾದ್ರೂ ಕುಹಕ ಆಡ್ತಾರೆ ಅಂದ್ಕೊಂಡೆ. ಫೋನ್ ಕೈಲೇ ಇತ್ತು. ಈಗ ಏಳ್ತಾರೆ, ಈಗ ಯಾರಾದ್ರೂ ಬರ್ತಾರೆ ಅಂತ ಕೇಳ್ತಾ ಕೂತೆ. ಬಾಗಿಲ ಆ ಕಡೆಯಿಂದ ಕೇಳೋ ದನಿ ಬೇರೆ, ಫೋನಲ್ಲಿ ಕೇಳೋ ದನಿ ಬೇರೆ. ಫೋನಲ್ಲಿ ಅದು ಎಲ್ಲೋ ದೂರದಲ್ಲಿ, ಯಾರ ಮನೇಲೋ ಆಗ್ತಿರೋ ಹಾಗೆ ಇರುತ್ತೆ. ನಿಮಗೆ ಗೊತ್ತಿರಬೇಕು, ದಿನಾ ಕೇಳೋರು ನೀವು.

ಆ ಹೆಸರು ಕೇಳಿದ್ರೆ ನನಗೇನು ಗೊತ್ತಾಗ್ಬೇಕು. ನಮ್ಮೆಲ್ಲರ ಮುಂದೆ ಅವರು ನಿಮ್ಮನ್ನ ಆಫೀಸರಮ್ಮ ಅಂತಾನೇ ರೇಗಿಸ್ತಿದ್ರು. ನಿಮ್ಮ ತಾಯಿ ಹೆಸರಿರಬೇಕು ಅಂದ್ಕೊಂಡೆ. ತೀರಿಹೋದ ಹೆಂಡತೀನ ಕರೀತಿದಾರೆ, ಗಂಡ ಹೆಂಡಿರ ಮಧ್ಯೆ ನಾನ್ಯಾಕೆ ಹೋಗ್ಲಿ ಅಂತ...

ಯಾಕೆ, ಏನಾಯ್ತು?

ಚಿನ್ನಿ ಅಂದ್ರೆ... ನೀವಾ?