ಮತ್ತ ಅದೇ ಗುರುವಾರ

ಅಯ್ಯ, ಕಾಲ ಎಳಕೋಬ್ಯಾಡ್ರಿ ಮಾವಾರ! ಮಲಮ ಎಲ್ಲಾ ಚಾದರಕ್ಕ ಹತ್ತತದ. ಉರೀತದೇನು? ಉರೀತದ, ಗೊತ್ತದ ನನಗ... ಒಂದ್ ಘಳಿಗಿ ತಡೀರಿ. ಅಂಗಾಲಿನ ಗುಳ್ಳಿ ಎಲ್ಲಾ ಒಡದಾವ, ಹೊಸಾ ಚರ್ಮ ಬರೂತನಾ ಹಿಂಗೇ. ಊದಲ್ಯಾ? ಇಕಾ, ಊದತೀನಿ. ಯಾಕ, ಅಳಿಯ ಕಾಲ ಮುಟ್ಟಬಾರದೇನು? ಮುಟ್ಟಬ್ಯಾಡ ಅಂದ್ರ ಬಾಯಿ ಬಿಟ್ಟು ಹೇಳ್ರಿ. ಈಗಿಂದೀಗ ಬಿಡತೀನಿ.

...ಹೇಳೂದಿಲ್ಲ. ಹೌದಲ್ಲ, ನನ್ನ ಕೂಡ ಮಾತಿಲ್ಲ ನಿಮ್ದು.

ಡಾಕ್ಟರ್ ಅಂತೂ ಅಂದ್ರು, ಬಿಸಲಿಗಿ ಚಕ್ಕರ ಬಂದು ಬಿದ್ದಾರ, ನಾಲಿಗಿಗಿ ಏನೂ ಆಗಿಲ್ಲ ಅಂತ. ನನಗೂ ಕಾಣತದಲ್ಲ! ಮುಂಜಾನಿ ಹಾಲಿನ ಕಸ್ತೂರಬಾಯಿ ಬಂದಾಗ ಆಕಿ ಎಮ್ಮಿ ಈದದೋ ಇಲ್ಲೋ ಅಂತ ಕೇಳಿದ್ರಿ. ಚಾದಾಗ ಸಕ್ಕರಿ ಕಡಿಮಿ ಆಗ್ಯಾದಂತ ರೇವಮ್ಮ ಅತ್ತಿ ಮ್ಯಾಲ ಸಿಟ್ಟಾದ್ರಿ. ನಾ ಹೊಸ್ತಿಲದಾಗ ಕಾಲಿಟ್ಟ ಕೂಡಲೇ... ಗಪ್ಪ. ಜನ್ಮಪೂರ್ತಿ ಕಚೇರಿಯೊಳಗ ಕಾರಕೂನಕಿ ಮಾಡಿದವರು ನೀವು, ಎದರಿಗಿ ನಿಂತಂವನ್ನ ಕಾಯಸೂದು ನಿಮಗ ಯಾರೂ ಕಲಸಬೇಕಾಗಿಲ್ಲ. ಆದ್ರ ನಾ ಅರ್ಜಿ ಹಿಡಕೊಂಡು ಬಂದಂವ ಅಲ್ಲರಿ. ನಿಮ್ಮ ಮಗಳ ಗಂಡ.

ಕೇಳ್ರಿ ಇಲ್ಲಿ. ಶ್ರೀಲೇಖಾ ಅಡಗಿ ಮನ್ಯಾಗ ಗಂಜಿ ಕಾಸಾಕತ್ಯಾಳ. ನನ್ನ ಯಾಕ ಒಳಗ ಕಳಿಸ್ಯಾಳ ಗೊತ್ತದೇನು? 'ಅಪ್ಪಾಗ ಸೋಲಾಪುರಕ್ಕ ಬಾ ಅಂತ ಹೇಳಿ ಹೇಳಿ ನನಗ ಸಾಕಾಗ್ಯಾದ, ಅಳಿಯಂದ್ರು ಕರದ್ರ ಬರತಾನ, ಹೋಗಿ ಹೂಂ ಅನಿಸ್ಕೊಂಡು ಬರ್ರಿ' ಅಂದ್ಲು. ಇಲ್ಲಿ ಅಕ್ಕಲಕೋಟದಾಗ ಇದ್ರ ನಿಮ್ಮ ಎದಿನೋವು ಡಾಕ್ಟರಿಗಿ ಯಾರು ತೋರಸವರು? ನಮ್ಮ ಮನ್ಯಾಗ ಇರ್ರಿ. ಡಾಕ್ಟರ್ ಕಡಿ ನಾನೇ ಕರಕೊಂಡು ಹೋಗತೀನಿ, ನಾನೇ ಕರಕೊಂಡು ಬರತೀನಿ. ಒಂದ್ ಹೂಂ ಅನ್ರಿ. ಸಾಕು.

ಯಾಕ ಹಂಗ ನೋಡ್ತೀರಿ? ನಾನೇ ಕರಕೊಂಡು ಹೋಗತೀನಿ ಅಂದದ್ದಕ್ಕ?

ಆತು. ಗುರುವಾರದ ಮಾತು ಬಂತು, ಬರಲಿ. ನೀವು ಇಲ್ಲಿಂದ ಎಸ್‌ಟಿ ಬಸ್ಸಿಗಿ ಬರೂದು, ನಾ ಸೋಲಾಪುರ ಸ್ಟ್ಯಾಂಡಿಗಿ ಸ್ಕೂಟರ್ ತಗೊಂಡು ಬರೂದು, ಅಲ್ಲಿಂದ ಡಾಕ್ಟರ್ ಕಡಿ ಹೋಗೂದು, ಹಂಗೇ ಠರಾವ ಆಗಿತ್ತು. ಬಂದಿದ್ದೆ ಮಾವಾರ! ಎಲ್ಲಾ ಕಡಿ ಹುಡಕಿದೆ, ನೀವೇ ಇರಲಿಲ್ಲ. ನೀವೂ ಶ್ರೀಲೇಖಾನ ಮುಂದ ಹಂಗೇ ಹೇಳೀರಲ್ಲ! 'ಅತುಲ ಬಂದಿದ್ದಾ, ನಾನೇ ಅಡ್ಡಾಡಕೋತ ಬ್ಯಾರೆ ಕಡಿ ಹೋದೆ' ಅಂತ. ಆಕಿ ಬಂದು ಅದನ್ನ ಹೇಳಿದಾಗ ನನಗ... ನನಗ ಕುಂದ್ರಲಿಕ್ಕೂ ಆಗಲಿಲ್ಲ, ನಿಂದ್ರಲಿಕ್ಕೂ ಆಗಲಿಲ್ಲ. ಯಾಕ ಹಂಗ ಹೇಳಿದ್ರಿ? ಅಂದ್ರ... ಬಂದಿದ್ದು ಖರೇನ. ಜರಾ ತಡಾ ಆಗಿತ್ತು, ಅಷ್ಟೇ. ಜರಾ.

ಗಾಡಿ ಪಂಕ್ಚರ್ ಆಗಿತ್ತು.

ನೀವು ಹಿಂಗ ಸುಮ್ಮ ಕುಂತ್ರ ನನ್ನ ಬಾಯಿ ನಿಲ್ಲೂದಿಲ್ಲ ನೋಡ್ರಿ. ಬ್ಯಾರೆ ಏನರೆ ಹೇಳತೀನಿ, ಬ್ಯಾಸರ ಹೋಗತದ. ನನ್ನ ಕಂಪ್ಯೂಟರ್ ಕ್ಲಾಸಿನ್ಯಾಗ ಕಲಸಂವ ಇದ್ದಾನಲ್ಲ, ಪರಾಗ, ಅಂವ ಪುಣಾದಿಂದ ಒಂದ್ ಆಟ ತಂದಾನ. ಫ್ಲಾಪಿ ಮ್ಯಾಲ. ಗುಂಡ ಹೊಡಿಯೂದು ಅಲ್ಲ, ಗಾಡಿ ಓಡಸೂದು ಅಲ್ಲ. ಕಥಿ! ಮ್ಯಾಲ ಚಿತ್ರ ಬರತಾವ, ಕೆಳಗ ಮಾತು ಬರತಾವ. ಒಬ್ಬ ಮನಷ್ಯಾ ಇದ್ದಾನ, ಅಂವನ ಕಡಿ ಇರೂದು ಒಂದೇ ದಿವಸ. ಮುಂಜಾನಿ ಎದ್ದು ಎಲ್ಲಿ ಹೋಗಬೇಕು, ಯಾರ ಕೂಡ ಎಷ್ಟ್ ಹೊತ್ತು ಕೂಡಬೇಕು, ಅದನ್ನ ನಾವು ಆರಸಬೇಕು. ಆಫೀಸಿಗಿ ಹೋದ್ರ ಅಲ್ಲಿ ಹೊತ್ತು ಹೋತು. ಅಂವನ ತಾಯಿ ದವಾಖಾನ್ಯಾಗ ಇರತಾಳ, ಅಲ್ಲಿ ಹೋದ್ರ ಅಲ್ಲಿ ಹೋತು. ಇನ್ನ... ಗೆಳತಿ ಮನಿಗಿ ಹೋದ್ರ ಅಲ್ಲಿ. ಸಂಜೀಮಟ ಎಲ್ಲಾ ಬರೋಬ್ಬರಿ ಜೋಡಸಲಿಕ್ಕ ಆಗಲಿಲ್ಲ ಅಂದ್ರ ಖೇಲ ಖತಂ. ಇಲ್ಲ, ಖತಂ ಆಗೂದಿಲ್ಲ, ಅದೇ ಮಜಾ! ಮತ್ತ ಅದೇ ಮುಂಜಾನಿ. ಅದೇ ಹಾಸಗಿ, ಅದೇ ಖಿಡಕಿ, ಅದೇ ಬೆಳಕು. ಮೊದಲಿಂದ ಮಾಡು, ತಪ್ಪಿದ್ದು ತಿದ್ದು. ಎಷ್ಟ್ ಸಲ ಬೇಕಾದ್ರೂ!

ಛಲೋ ಅದ ಅಲ್ಲ?

...ಯಾಕ ಮಾರಿ ಗ್ವಾಡಿ ಕಡಿ ತಿರವಿದ್ರಿ? ಕೆಟ್ಟದ್ದೇನಿಲ್ಲರಿ ಅದರಾಗ! ಕಥಿ ಅಂದ ಮ್ಯಾಲ ಹೆಣಮಕ್ಕಳು ಇರತಾರ... ಆತು, ಆತು. ದೊಡ್ಡವರ ಆಟ ಅದು. ಲಗ್ನ ಆದವರು ನೋಡೂವಂಥಾದ್ದು. ಗೆಳತಿ ಮನ್ಯಾಗಿನ ಕೆಲವೊಂದು ಚಿತ್ರ... ನಿಮ್ಮ ಕಿವಿ ಯಾಕ ಕೆಂಪಾಗ್ಯಾವ? ನೀವೇ ನೋಡಿದವರಂಗ ಮಾಡತೀರಲ್ಲ! ನಾಚಬೇಕಾದಂವ ನಾ ಇಲ್ಲಿ ಕುಂತೀನಿ. ಅಂದ್ರ ಪರಾಗ. ಪರಾಗ ನಾಚಬೇಕು. ಅಂವಂದು ಅದು, ನಂದಲ್ಲ.

ಆ ಕಾಲ ಕೊಡ್ರಿ. ಇದಕ್ಕೂ ಪಟ್ಟಿ ಕಟ್ಟತೀನಿ.

ಏನಾತು ಗೊತ್ತದೇನು... ಪರದೆ ಮೂಲ್ಯಾಗ ಒಂದ್ ಗಡಿಯಾರ ಇರತದ, ಆಟದ ಗಡಿಯಾರ. ನಮ್ಮ ಕೈಯಾಗಿನ ಗಡಿಯಾರಕ್ಕೂ ಅದಕ್ಕೂ ಸಂಬಂಧ ಇಲ್ಲ. ಒಂದ್ ಕೀ ಒತ್ತಿದ್ರ ತಾಸ ಹೋತು, ಮತ್ತೊಂದು ಒತ್ತಿದ್ರ ಮುಂಜಾನಿ ಬಂತು. ಅದನ್ನ ನೋಡಿ ನೋಡಿ ತಲಿಯೊಳಗ ಅದೇ ಕುಂದರತದ. ಇನ್ನೂ ಹೊತ್ತದ, ಇನ್ನೂ ಹೊತ್ತದ... ಗೆಳತಿ ಮನಿಗಿ ಹೋಗಿ ಬರತೀನಿ, ದವಾಖಾನಿ ನಾಳಿಗಿ ನೋಡಿದ್ರಾತು ಅಂತ ಬಿಡತಿದ್ದೆ. ನಾಳಿ ಅಂದ್ರೂ ಅದರಾಗ ಇವತ್ತೇ ಅಲ್ಲೇನು! ಆ ತಾಯಿ ಕಡಿ ಒಮ್ಮೆನೂ ಹೋಗಲಿಲ್ಲ...

ಬಿಡತಿದ್ದ. ಪರಾಗ ಬಿಡತಿದ್ದ.

ನಗತೀರೇನು? ಅಲ್ಲ, ನಗೂದಲ್ಲ ಅದು. ಹೋಗ್ಲಿ ಬಿಡ್ರಿ, ಪಂಕ್ಚರ್ ಸುಳ್ಳು. ಗುರುವಾರ ಅಂವ ಆಡಾಕತ್ತಿದ್ದ, ನಾ ಹಿಂದ ನಿಂತು ನೋಡಾಕತ್ತಿದ್ದೆ. ನಿಮ್ಮ ಎಸ್‌ಟಿ ಬರೂ ಹೊತ್ತು ನನಗ ಗೊತ್ತಿತ್ತು. ಗೊತ್ತಿದ್ದೂ ಇನ್ನೊಂದು ಸಲ, ಇನ್ನೊಂದು ಸಲ ಅಂದೆ. ಎಚ್ಚರ ಆಗಿ ಓಡಕೋತ ಬಂದಾಗ ಸ್ಟ್ಯಾಂಡಿನ ಮುಂದ ಮಂದಿ ಗುಂಪ ಕೂಡಿತ್ತು. ನಡುವ ನೀವು. ಡಾಂಬರ ಮ್ಯಾಲ, ಬರಿಗಾಲಲೇ... ಏಪ್ರಿಲ್ ತಿಂಗಳ ಸೋಲಾಪುರದ ಡಾಂಬರ! ಹೆಂಗ ನಡದ್ರಿ ಅದರ ಮ್ಯಾಲ? ತಪ್ಪಾತು ಮಾವಾರ. ಇಷ್ಟೇ ಇತ್ತು ನನ್ನ ಹೊಟ್ಯಾಗ, ಹೇಳೀನಿ. ಈಗರೆ ಬಯ್ರಿ. ಬಾಯಿಗಿ ಬಂದಂಗ ಬಯ್ರಿ!

...ಇನ್ನೂ ಏನು? ಎಲ್ಲಾ ಹೇಳೀನಲ್ಲ?

ಇರ್ರಿ, ನಿಮಗ ಒಂದ್ ಸಾಮಾನ ತಂದೀನಿ. ಈ ಚೀಲದಾಗ... ನೋಡ್ರಿ. ಹೊಸಾ ಚಪ್ಪಲಿ. ಮೆತ್ತಗ ಅದಾವ, ಬೆರಳಿಟ್ಟು ನೋಡ್ರಿ. ಕಾಲ ಆರಿದ ಮ್ಯಾಲ ಹಾಕೋರಿ... ಯಾಕ ದೂಡತೀರಿ? ಛಲೋ ಇಲ್ಲೇನು? ಹಳೀವು ಎಲ್ಲಿ ಹುಡಕೂದ್ರಿ ಈಗ! ಬಿದ್ದ ಮನಷ್ಯಾನ್ನ ಎತ್ತಬೇಕೋ, ಚಪ್ಪಲಿ ಎತ್ತಬೇಕೋ ಮಂದಿ? ಅಂಥಾವೇನು ಹೊಸಾವು ಇದ್ದಿಲ್ಲ ಬಿಡ್ರಿ ಅವು. ಎಡಗಾಲಿನ ಉಂಗುಟ ಹರದು ಅತ್ತಿ ಹಸರ ದಾರಲೇ ಹೊಲದಿದ್ರು. ಅಂಥಾವ ಎಲ್ಲೆಲ್ಲೋ ಬಿದ್ದಿರತಾವ, ಯಾರೂ ಮುಟ್ಟೂದಿಲ್ಲ. ನಮ್ಮ ಕ್ಲಾಸಿನ ಬಾಗಲ ಹೊರಗೂ ಒಂದ್ ಜೋಡ ಬಿದ್ದದ, ಗುರುವಾರದಿಂದ, ಒಯ್ಯಲಿಕ್ಕ ಯಾವನೂ ಬಂದಿಲ್ಲ... ಕಂಪ್ಯೂಟರಿಗಿ ಧೂಳಿ ಆಗಬಾರದಂತ ಎಲ್ಲಾರೂ ಹೊರಗ ಬಿಡತಾರಲ್ಲ, ಗುಡಿ ಆತಲ್ಲೋ ಅತುಲ ಅಂತ ನೀವೇ ನಕ್ಕಿದ್ರಿ, ಕ್ಲಾಸ್ ಚಾಲೂ ಮಾಡಿದ ದಿವಸ... ಅದರದೂ ಹಸರ...

ಹಸರ ದಾರ.

ಮಾವಾರ.

ಸ್ಟ್ಯಾಂಡಿನ ಹಿಂದಿನ ಗಲ್ಲಿನೇ ನಮ್ಮ ಕ್ಲಾಸ. ನಿಮಗ ದಾರಿ ಗೊತ್ತದ. ನಾ ಬರಲಿಲ್ಲ, ಕಾದು ಕಾದು ನೀವೇ ಬಂದ್ರಿ... ಅವತ್ತ ಬಾಗಲಾ ಸಪ್ಪಳ ಆತು. ಯಾವನೋ ಕಲಿಯಂವ ಬಂದಾನ ಅಂದ್ಕೊಂಡೆ. ತಿರುಗಿ ನೋಡಲಿಲ್ಲ ನಾ. ಪರದೆ ಮ್ಯಾಲ ಆ ಚಿತ್ರ ಇತ್ತು, ಕಣ್ಣ ಕೀಳಲಿಕ್ಕ ಆಗಲಿಲ್ಲ. ಕುಂತಲ್ಲಿಂದೇ ಒದರಿದೆ: 'ಚಪ್ಪಲಿ ಹೊರಗ ಬಿಟ್ಟು ಬಾ ಲೇ, ಎಷ್ಟ್ ಸಲ ಹೇಳಬೇಕು!'

ನೀವು ಬಿಟ್ಟು ಬಂದ್ರಿ.

ನನ್ನ ಹಿಂದ ಬಂದು ನಿಂತ್ರಿ. ಎಷ್ಟ್ ಹೊತ್ತು ನಿಂತ್ರಿ? ಪರಾಗ ಇರಲಿಲ್ಲ, ಅಂವ ಪುಣಾಕ್ಕ ಹೋಗಿದ್ದ. ಕುರ್ಚಿ ಮ್ಯಾಲ ಕುಂತಂವ ನಾ ಒಬ್ಬನೇ. ನೋಡಿದ್ರಿ ನೀವು. ಆ ಚಿತ್ರ ನೋಡಿದ್ರಿ, ಅದರ ಮುಂದ ಕುಂತ ಅಳಿಯನ್ನ ನೋಡಿದ್ರಿ. ಹೆಗಲ ಮ್ಯಾಲ ಒಂದ್ ಕೈ ಇಡಬೇಕಿತ್ತು! ಕಪಾಳಕ್ಕ ಕೊಡಬೇಕಿತ್ತು! ನನ್ನ ಮಾರಿ ನೀವು ನೋಡಬಾರದು ಅಂತ, ನಿಮ್ಮ ಮಾರಿ ನಾ ನೋಡಬಾರದು ಅಂತ ಸಪ್ಪಳ ಮಾಡದಂಗ ಹೊರಗ ಹೋದ್ರಿ. ಕಾಲಾಗ ಚಪ್ಪಲಿ ಇಲ್ಲ ಅನ್ನೂದೂ ತಿಳೀದಂಗ... ಬಾಗಲಾ ಮತ್ತೊಮ್ಮೆ ಸಪ್ಪಳ ಆಗಿದ್ದು ಕೇಳಿತ್ತು ನನಗ. ಕೇಳಿತ್ತು, ಮಾವಾರ. ಆವಾಗೂ ತಿರುಗಲಿಲ್ಲ.

ಅಲ್ಲ ಅಂತ ಒಂದ್ ಮಾತ ಹೇಳ್ರಿ! ಕ್ಲಾಸಿಗಿ ನಾ ಬಂದೇ ಇಲ್ಲೋ ತಮ್ಮಾ ಅಂತ ಅನ್ರಿ. ಸುಳ್ಳರೆ ಹೇಳ್ರಿ, ಮಗಳ ಮುಂದ ಹೇಳಿದಂಗ...

ಶ್ರೀಲೇಖಾ ಬರಾಕತ್ಯಾಳ. ಗಂಗಾಳದ ಸಪ್ಪಳ. ಇವತ್ತ ಹೇಳೇ ಬಿಡತೀನಿ ಆಕಿ ಮುಂದ. ಎಲ್ಲಾ ಹೇಳತೀನಿ.

...ಕೈ ಯಾಕ ಎತ್ತಿದ್ರಿ? ಬ್ಯಾಡಂತೀರಿ?

ಇಷ್ಟ್ ದಿವಸಕ್ಕ ನನಗ ಕೊಟ್ಟ ಜವಾಬು ಇದೇನು? ಬ್ಯಾಡಂತ?

ಹಾಂ, ಬಾ ಶ್ರೀಲೇಖಾ. ಇಲ್ಲ, ಏನಿಲ್ಲ, ಮಲಮ ಕಣ್ಣಾಗ ಹೋಗ್ಯಾದ. ಅಪ್ಪಾರು ಏನಂದ್ರು ಅಂತಿ? ಬರೂದು ಇನ್ನೂ ಹೇಳಿಲ್ಲ. ಹೊಸಾ ಚಪ್ಪಲಿ ಬ್ಯಾಡಂತ. ಹಳೀವೇ ಬೇಕಂತ.

ನಾ ತರತೀನಿ. ನನಗ ಗೊತ್ತದ ಎಲ್ಲಿ ಅದಾವ.