ಎಡಗಾಲು ಮಡಚಿ ಕೂತ ಗೊಂಬೆ

ಬೀದಿಯವರು ಇಸ್ತ್ರಿಯಕ್ಕ ಎಂದು ಕರೆಯುವ ನಾನು, ವಯಸ್ಸು 47 ವರ್ಷ, ಉದ್ಯೋಗ ಬಟ್ಟೆ ಇಸ್ತ್ರಿ ಮಾಡುವುದು, ವಾಸ ಬಸ್ ನಿಲ್ದಾಣದ ಹಿಂದಿನ ಓಣಿಯ ಮೊದಲ ಮಹಡಿಯ ಮನೆ, ಠಾಣೆಗೆ ಹಾಜರಾಗಿ ಬರೆಸಿಕೊಡುವುದೇನೆಂದರೆ:

ನನ್ನ ಮನೆಯಿಂದ ಯಾವ ಗೊಂಬೆಯೂ ಕಳವಾಗಿಲ್ಲ. ಗೊಂಬೆ ಅಜ್ಜಿ ದಿನಾಂಕ 9ರಂದು ಕೊಟ್ಟ ದೂರಿನಲ್ಲಿರುವ ಗೊಂಬೆಯನ್ನು ಅಲಂಕಾರ ಸಾಮಾನಿನ ಅಂಗಡಿಯವರಿಗೆ ಮಾರಿದವಳು ನಾನೇ. ಅವರು ಕದ್ದವರಲ್ಲ.

ಅಜ್ಜಿ ನಮ್ಮ ಮನೆಯಿಂದ ಸುಮಾರು 600 ಮೀಟರ್ ದೂರದಲ್ಲಿ ಒಂದೇ ಕೋಣೆಯಲ್ಲಿ ಕೂತು ಬಟ್ಟೆಯ ಗೊಂಬೆ ಹೊಲಿಯುತ್ತಾರೆ. ತಿಂಗಳಿಗೆ ನಾಲ್ಕು ಆದರೆ ಹೆಚ್ಚು. ಯಾರಿಗೆ, ಅವರ ಕೂದಲು ಹೇಗೆ, ಅವರು ಕೂರುವುದು ಹೇಗೆ ಎಂದು ಕೇಳಿಕೊಂಡೇ ಹೊಲಿಗೆ ಹಾಕುತ್ತಾರೆ. ಹೆಸರು ಬರೆದ ಚೀಟಿಯನ್ನು ಹತ್ತಿಯ ಜೊತೆ ಹೊಟ್ಟೆಯೊಳಗಿಟ್ಟು ಮುಚ್ಚುತ್ತಾರೆ. ಕೊಂಡು ಮಾರುವವರು ಬಂದರೆ, ನಿಮಗೆ ಬೇಕಾಗಿರೋದು ಗೊಂಬೆ ಅಲ್ಲ, ಗಿರಾಕಿ, ಮುಂದೆ ಹೋಗಿ ಎಂದು ಕಳಿಸುತ್ತಾರೆ.

ಕಳೆದ ವರ್ಷ ನನ್ನ ತಂಗಿ ದಿವಂಗತ ಪುಟ್ಟಿ, ವಯಸ್ಸು 38, ಆಸ್ಪತ್ರೆಯಲ್ಲಿದ್ದಾಗ ಅಜ್ಜಿಯಿಂದ ಮೊದಲ ಗೊಂಬೆ ತಂದೆ. ಅವಳು ಎಡಗಾಲು ಮಡಚಿ ಅದರ ಮೇಲೆ ಕೂರುತ್ತಿದ್ದಳು. ಗೊಂಬೆಯೂ ಹಾಗೇ ಕೂತಿತ್ತು. ಸೊಂಟ ಇಷ್ಟು ಸಣ್ಣ ಮಾಡಿದಾರಲ್ಲ, ಅಜ್ಜಿಗೆ ಒಂದು ಕನ್ನಡಕ ಕೊಡಿಸಕ್ಕ ಎಂದು ತಂಗಿ ನಕ್ಕಳು. ಅದಾದ 19ನೇ ದಿನ ಬೆಳಿಗ್ಗೆ 10.40ಕ್ಕೆ ತೀರಿಕೊಂಡಳು.

ಎರಡು ತಿಂಗಳ ನಂತರ ಅಂಗಿಗಳನ್ನು ಇಸ್ತ್ರಿಗೆ ಕೊಡಲು ಬಂದ ಅಂಗಡಿಯವರು ಕಪಾಟಿನ ಮೇಲಿದ್ದ ಆ ಗೊಂಬೆಯನ್ನು ನೋಡಿದರು. ನೀವು ಕೊಟ್ಟಿದ್ದರ ಇಪ್ಪತ್ತು ಪಟ್ಟು ಕೊಡ್ತೀನಿ ಎಂದರು. ಇದು ಮಾರೋದಲ್ಲ ಎಂದೆ. ಹಾಗಾದ್ರೆ ಇನ್ನೊಂದು ತನ್ನಿ ಅಕ್ಕ, ನಮ್ಮ ಮುಖ ಕಂಡ್ರೆ ಅಜ್ಜಿ ಬಾಗಿಲು ಹಾಕ್ತಾರೆ, ನಿಮಗೆ ಇಲ್ಲ ಅನ್ನಲ್ಲ ಎಂದರು.

ಮೂರನೇ ದಿನ ಸಂಜೆ 4 ಗಂಟೆಗೆ ಅಜ್ಜಿಯ ಬಳಿ ಹೋದೆ. ಪುಟ್ಟಿ ಹೇಗಿದಾಳೆ ಎಂದು ಕೇಳಿದರು. ಮನೆಗೆ ಬಂದಿದ್ದಾಳೆ, ಗೊಂಬೆ ಮೇಲೆ ಔಷಧಿ ಚೆಲ್ಲಿಕೊಂಡಳು, ಇನ್ನೊಂದು ಬೇಕಂತೆ ಎಂದೆ. ಔಷಧಿ ಚೆಲ್ಲಿದ್ದು ನಿಜ. ಉಳಿದದ್ದು ಸುಳ್ಳು. ಅಜ್ಜಿ ಹತ್ತಿ ಬಿಡಿಸುತ್ತಾ ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. 5.30ರವರೆಗೆ ಕೂತಿದ್ದೆ.

ಹೀಗೆ ಪ್ರತಿ ಸಲ ಒಂದೊಂದು ನೆಪ ಹೇಳಿ ಆರು ತಿಂಗಳಲ್ಲಿ ಮೂರು ಗೊಂಬೆ ತಂದು ಮೂರನ್ನೂ ಅಂಗಡಿಯವರಿಗೆ ಕೊಟ್ಟೆ. ಹೋದದ್ದು ಹಣಕ್ಕೇ. ಆದರೆ ಪುಟ್ಟಿ ಈಗ ಏನು ಮಾಡ್ತಿದಾಳೆ ಎಂದು ಕೇಳುವವರು ಅವರೊಬ್ಬರೇ ಇದ್ದರು ಎಂಬುದನ್ನೂ ಬರೆದುಕೊಳ್ಳಬೇಕು.

ದಿನಾಂಕ 9ರಂದು ಅಜ್ಜಿ ಬಸ್ಸಿನಿಂದ ಇಳಿದಾಗ, ಅಂಗಡಿಯ ಗಾಜಿನ ಹಿಂದೆ ಎಡಗಾಲು ಮಡಚಿ ಕೂತ ಗೊಂಬೆ ಕಂಡಿದೆ. ಹುಷಾರಿಲ್ಲದವಳ ಗೊಂಬೆಯನ್ನು ಯಾರೋ ಕದ್ದಿದ್ದಾರೆ ಎಂದು ನೇರ ಠಾಣೆಗೆ ಬಂದರಂತೆ. ನಾನು ಮಾರಿರಬಹುದು ಎಂದು ಅವರಿಗೆ ಹೊಳೆಯಲೇ ಇಲ್ಲ.

ಠಾಣೆಯಿಂದ ಹೇಳಿಕಳಿಸಿದ್ದರಿಂದ ಈ ದಿನ 11.15ಕ್ಕೆ ನಾನು ಬಂದಾಗ ಅಜ್ಜಿ ಹೊರಗಿನ ಬೆಂಚಿನ ಮೇಲಿದ್ದರು, ಮಡಿಲಲ್ಲಿ ಚೀಲವಿತ್ತು. ಅದು ಸಿಗೋವರೆಗೂ ಪುಟ್ಟಿ ಬೇಜಾರು ಮಾಡ್ಕೋಬಾರದು, ಬೇರೆ ಹೊಲಿದು ತಂದಿದೀನಿ, ತಗೋ ಮಗಳೇ ಎಂದು ಚೀಲವನ್ನು ಚಾಚಿದರು. ಒಳಗಿನ ಕೋಣೆಯಲ್ಲಿ ಪೊಲೀಸರು ಅಂಗಡಿಯವರನ್ನು ನಿಲ್ಲಿಸಿದ್ದರು. ಹೌದು, ಕಳವಾಯಿತು ಎಂದಿದ್ದರೆ ನನ್ನ ಮಟ್ಟಿಗೆ ಮುಗಿಯುತ್ತಿತ್ತು. ನಾನು ಅಜ್ಜಿಯ ಎದುರೇ ನಡೆದದ್ದನ್ನೆಲ್ಲ ಹೇಳಿದೆ.

ಅಜ್ಜಿ ಬಯ್ಯಲಿಲ್ಲ. ಮತ್ತೆ, ಹೋದ ತಿಂಗಳು ಅವಳ ಕೂದಲು ಕತ್ತರಿಸಿದ್ವಿ, ಗೊಂಬೆಗೂ ಭುಜದವರೆಗೆ ಮಾಡಿ ಅಂದ್ಯಲ್ಲ ಎಂದು ಕೇಳಿದರು. ಅದು ನಾನೇ ಕಟ್ಟಿ ಹೇಳಿದ್ದು ಎಂದೆ. ಇದಕ್ಕೂ ಭುಜದವರೆಗೇ ಮಾಡಿದೀನಿ ಎಂದರು. ನಂತರ ಚೀಲವನ್ನು ಮಡಿಲಿಗೆ ಎಳೆದುಕೊಂಡರು. 11.40ಕ್ಕೆ ಚೀಲ ಸಮೇತ ಎದ್ದು ಹೋದರು.

ದಿವಂಗತ ಪುಟ್ಟಿಯ ಮೊದಲ ಗೊಂಬೆ ನನ್ನ ಬಳಿಯೇ ಇದೆ. ತನಿಖೆಗೆ ಬೇಕಾದರೆ ತಂದು ತೋರಿಸುತ್ತೇನೆ. ಅದರ ಹೊಟ್ಟೆಯ ಹೊಲಿಗೆ ಬಿಚ್ಚಬಾರದೆಂದು ಕೋರುತ್ತೇನೆ.

ಬರೆದದ್ದನ್ನು ನನಗೆ ಓದಿ ಹೇಳಲಾಯಿತು. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ತಂಗಿಯ ಹೆಸರಿನ ಮೊದಲು ಎರಡು ಕಡೆ ದಿವಂಗತ ಎಂಬ ಪದವನ್ನು ನಾನು ಹೇಳುವಾಗ ಬಿಟ್ಟಿದ್ದೆ. ಓದಿದ ಮೇಲೆ ನಾನೇ ಕೇಳಿ ಸೇರಿಸಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 12, ಮಧ್ಯಾಹ್ನ 1.05
ಸಹಿ: (ಇಸ್ತ್ರಿಯಕ್ಕ)